ಇಂಗಾಲದ ಎಳೆಯ ಕೃತಕ ಪಾದ: ಅರ್ಜಿದಾರರು ಅರಿಯಬೇಕಾದ ವಿಚಾರಗಳು

ಹೈದರಾಬಾದಿನ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಪ್ರಯೋಗಾಲಯ ಹಾಗೂ ತೆಲಂಗಾಣದ ಬಿಬಿನಗರದ ಏಮ್ಸ್ ಜಂಟಿಯಾಗಿ ರೂಪಿಸಿದ, ಕಾರ್ಬನ್ ಫೈಬರ್ ಅಂದರೆ ಇಂಗಾಲದ ಎಳೆಗಳಿಂದ ತಯಾರಾದ ಸ್ವದೇಶಿ ಕೃತಕ ಪಾದವನ್ನು 2025ರ ಜುಲೈ 14ರಂದು ಅನಾವರಣಗೊಳಿಸಲಾಯಿತು. ಸದರಿ ಪಾದವನ್ನು 125 ಕಿ.ಗ್ರಾಂ. ಭಾರದವರೆಗೆ ಪರೀಕ್ಷಿಸಲಾಗಿದ್ದು, ಧರಿಸುವವರ ತೂಕಕ್ಕನುಗುಣವಾಗಿ ಮೂರು ಮಾದರಿಗಳಿವೆ. ಆಮದು ಪಾದದ ಬೆಲೆ ಸುಮಾರು 2 ಲಕ್ಷ ರೂಪಾಯಿ. ಇದರ ಉತ್ಪಾದನಾ ವೆಚ್ಚ 20,000 ರೂಪಾಯಿಗಿಂತ ಕಡಿಮೆಯಾಗುವುದೆಂದು ಅಂದಾಜಿಸಲಾಗಿದೆ. ಆದರೆ ಉತ್ಪಾದನಾ ವೆಚ್ಚವೇ ಮಾರಾಟದ ಬೆಲೆಯಲ್ಲವೆಂಬುದನ್ನು ಅರ್ಜಿದಾರರು ಗಮನಿಸತಕ್ಕದ್ದು.

ಹಗುರವಾದ ವಸ್ತುವು ಭಾರ ಹೊರುವುದೆಂತು ಎಂಬ ಸಂದೇಹ ಸಹಜವಾದುದು. ಇಂಗಾಲದ ವಸ್ತುಗಳಲ್ಲಿ ಅತಿ ಹಗುರವಾದವುಗಳ ಪೈಕಿ ಕಾರ್ಬನ್ ಫೋಮ್ ಒಂದು; ಅದು ಸ್ಪಂಜಿನಂತೆ ರಂಧ್ರಮಯ. ಅದರ ಸಾಂದ್ರತೆಯನ್ನು ಅರ್ಧಕ್ಕಿಳಿಸಿದರೆ ಬಲವು ಅರ್ಧಕ್ಕೆ ನಿಲ್ಲದೆ ಸುಮಾರು ಮೂರನೆಯ ಒಂದು ಪಾಲಿಗೆ ಕುಸಿಯುತ್ತದೆ. ರಂಧ್ರಗಳ ಗೋಡೆಯನ್ನು ದಪ್ಪಗೊಳಿಸಿ ಬಲಪಡಿಸಬಹುದಾದರೂ ತೂಕ ಮರಳಿ ಏರುತ್ತದೆ. ಇಂಗಾಲದ ಎಳೆಯ ಮಾರ್ಗ ಬೇರೆ. ಭಾರ ಬೀಳುವ ದಿಕ್ಕಿಗೇ ಎಳೆಗಳನ್ನು ಪದರಪದರವಾಗಿ ಹಾಸಿ ರಾಳದಿಂದ ಬಂಧಿಸಲಾಗುತ್ತದೆ. ಬೆಂಗಳೂರಿನಲ್ಲಿ 2001ರ ಜನವರಿ 4ರಂದು ಮೊದಲ ಬಾರಿಗೆ ಹಾರಿದ ತೇಜಸ್ ವಿಮಾನದ ರೆಕ್ಕೆಗಳೂ ಇದೇ ಬಗೆಯವು. ಇಂತಹ ಪಾದವು ಹೆಜ್ಜೆಯೂರಿದಾಗ ಬಿಲ್ಲಿನಂತೆ ಬಾಗಿ, ಹೆಜ್ಜೆ ಎತ್ತುವಾಗ ಆ ಶಕ್ತಿಯನ್ನು ಹಿಂದಿರುಗಿಸುತ್ತದೆ. ಪದರಗಳು ಪರಸ್ಪರ ಬಿಟ್ಟುಕೊಳ್ಳುವುದೇ ಇದರ ದೌರ್ಬಲ್ಯ.

ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯಂತಹ ಗ್ರಾಮದಲ್ಲಿ ಪಾದದ ನಿಜವಾದ ಪರೀಕ್ಷೆ ನಡೆಯುವುದು ಮೆಣಸಿನಕಾಯಿ ಹೊಲದ ಕೆಸರಿನಲ್ಲಿ, ಕಾಂತೇಶ ದೇವಸ್ಥಾನದ ಬರಿಗಾಲಿನ ನಡಿಗೆಯಲ್ಲಿ, ನೆಲದ ಮೇಲಿನ ಊಟದಲ್ಲಿ. 1968ರಲ್ಲಿ ರೂಪುಗೊಂಡ ರಬ್ಬರಿನ ಜೈಪುರ ಪಾದವು ಇವುಗಳನ್ನೇ ಉದ್ದೇಶಿಸಿದುದು. ಆದ್ದರಿಂದ ಹೊಸತೆಂಬ ಒಂದೇ ಕಾರಣಕ್ಕೆ ಇಂಗಾಲದ ಪಾದವನ್ನು ಬಯಸುವುದು ಎಲ್ಲರಿಗೂ ಹಿತವಾಗದು. ದಿನವಿಡೀ ದೂರ ನಡೆಯುವವರಿಗೆ ಇದರಿಂದ ಅನುಕೂಲ ಹೆಚ್ಚು. ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳುವವರಿಗೆ ಹಳೆಯ ಪಾದವೇ ಲೇಸೆನಿಸಬಹುದು. ತಜ್ಞರೆದುರು ತಮ್ಮ ದಿನನಿತ್ಯದ ಕೆಲಸವನ್ನು ವಿವರವಾಗಿ ತಿಳಿಸುವುದು ಸೂಕ್ತ.

ಕೇಂದ್ರ ಸರ್ಕಾರದ ಎಡಿಪ್ ಯೋಜನೆಯಡಿ ಸಾಧನ ಪಡೆಯಲು ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಅಗತ್ಯ. ಮಾಸಿಕ ಆದಾಯ 22,500 ರೂಪಾಯಿವರೆಗಿದ್ದಲ್ಲಿ ಪೂರ್ಣ ನೆರವು, 30,000 ರೂಪಾಯಿವರೆಗಿದ್ದಲ್ಲಿ ಅರ್ಧ ನೆರವು ದೊರೆಯುತ್ತದೆ. ಯಾವ ಸಾಧನಗಳು ಯೋಜನೆಯಡಿ ಲಭ್ಯವೆಂಬುದನ್ನು ಅರ್ಜಿಗೆ ಮುನ್ನವೇ ಖಚಿತಪಡಿಸಿಕೊಳ್ಳುವುದು. ಮಾಹಿತಿಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಅಥವಾ ಹಾವೇರಿಯ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು. ಅಳತೆ ನೀಡಲು ಅರ್ಜಿದಾರರು ಖುದ್ದಾಗಿ ಹಾಜರಾಗಬೇಕಾಗುತ್ತದೆ.