ಅಂಕ ಕೊಟ್ಟವರು ಯಾರು?

ಹುಡುಕುಯಂತ್ರ ನಿಷ್ಪಕ್ಷಪಾತಿ ಎಂಬ ಮಾತನ್ನು ನಾನು ಒಪ್ಪಲಾರೆ. ಮೈಕ್ರೋಸಾಫ್ಟ್ 2010ರಲ್ಲಿ ಸಂಶೋಧಕರಿಗೆಂದು ಬಿಡುಗಡೆ ಮಾಡಿದ ದತ್ತಾಂಶವನ್ನೇ ನೋಡಿ: 30,000ಕ್ಕೂ ಹೆಚ್ಚು ಹುಡುಕುಪ್ರಶ್ನೆಗಳು, ಒಂದೊಂದಕ್ಕೂ ದೊರೆತ ಪುಟಗಳಿಗೆ 0ಯಿಂದ 4ರವರೆಗೆ ಅಂಕ. ಅಂಕವಿತ್ತವರು ಮನುಷ್ಯರು, ಯಂತ್ರ ಕಲಿಯುವುದು ಅವರ ತೀರ್ಪಿನ ಅನುಕರಣೆಯನ್ನು.

ಉತ್ತರಪತ್ರಿಕೆ ತಿದ್ದುತ್ತಲೇ ಆಯುಷ್ಯ ಸವೆಸಿದ ನಾನು ಬಲ್ಲೆ, ಒಂದೇ ಪ್ರಬಂಧಕ್ಕೆ ಇಬ್ಬರು ಮೇಷ್ಟರು ಒಂದೇ ಅಂಕ ಕೊಡುವುದು ಅಪರೂಪ. ಆದರೆ ನಮ್ಮಲ್ಲಿ ಮರುಮೌಲ್ಯಮಾಪನವುಂಟು, ವಿದ್ಯಾರ್ಥಿ ಪ್ರಶ್ನಿಸಬಲ್ಲ. ಹತ್ತನೆಯ ಪುಟಕ್ಕೆ ತಳ್ಳಲ್ಪಟ್ಟ ಬರಹಗಾರ ಯಾರನ್ನು ಕೇಳಬೇಕು?

ಮನುಷ್ಯರ ತೀರ್ಪನ್ನು ಬಳಸಿದ್ದು ತಪ್ಪಲ್ಲ. ಅದಕ್ಕೆ ಗಣಿತದ ಮುಖವಾಡ ತೊಡಿಸಿ, ‘ಯಂತ್ರವೇ ಹೀಗೆಂದಿತು’ ಎಂದು ಕೈತೊಳೆದುಕೊಳ್ಳುವುದು ತಪ್ಪು. ಅಂಕ ಹಾಕಿಸಿದವರು ಹೊಣೆಯನ್ನೂ ಹೊರಲಿ.