ಸುಡದ ಕಾಗದ

ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮಕ್ಕಳು ಕಾಸರಗೋಡಿನ ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಶಾಲಾವರ್ಷ ಮುಗಿದೊಡನೆ ಅದೇ ಪುಸ್ತಕ ಗುಜರಿಯವನ ತಕ್ಕಡಿಗೇರುತ್ತದೆ. ಅಟ್ಟದ ಮೇಲಿನ ಅಜ್ಜನ ಕಾಗದಪತ್ರಗಳೂ ಎಷ್ಟೋ ಸಲ ಜೊತೆಗೇ ಹೋಗುತ್ತವೆ.

ಯೆಹೂದ್ಯರ ಧರ್ಮಶಾಸ್ತ್ರ ಬೇರೆ ಮಾತು ಹೇಳುತ್ತದೆ. ದೇವನಾಮವಿರುವ ಬರಹವನ್ನು ಸುಡಬಾರದು, ಎಸೆಯಬಾರದು. ಒಂದೆಡೆ ಕೂಡಿಟ್ಟು ಕಡೆಗೆ ಮಣ್ಣಿನಲ್ಲಿ ಹೂಳಬೇಕು. ಕೂಡಿಡುವ ಆ ಸ್ಥಳವೇ ‘ಗೆನೀಜಾ’. ಹಳೆಯ ಕೈರೋದ ಬೆನ್ ಎಜ್ರಾ ಪ್ರಾರ್ಥನಾಮಂದಿರದಲ್ಲಿ ಕೂಡಿಟ್ಟದ್ದು ಬಹುಮಟ್ಟಿಗೆ ಹಾಗೆಯೇ ಉಳಿಯಿತು; ಹೂಳದಿದ್ದುದೇ ಲೋಕೋಪಕಾರವಾಯಿತು! ಶಾಸ್ತ್ರಗ್ರಂಥಗಳ ಜೊತೆಗೆ ವ್ಯಾಪಾರದ ಓಲೆ, ಲೆಕ್ಕದ ಚೀಟಿಗಳೂ ಶತಮಾನಗಳ ಕಾಲ ಅಲ್ಲಿ ರಾಶಿಬಿದ್ದವು. 1896ರ ಕೊನೆಯಲ್ಲಿ ಅಲ್ಲಿಗೆ ಹೋದ ವಿದ್ವಾಂಸ ಸಾಲೊಮನ್ ಶೆಕ್ಟರ್ ಲಕ್ಷಕ್ಕೂ ಮಿಕ್ಕ ತುಣುಕುಗಳನ್ನು ಕೇಂಬ್ರಿಜ್‌ಗೆ ಒಯ್ದರು.

ಆ ರಾಶಿಯಲ್ಲಿ ನಮ್ಮ ಕರಾವಳಿಯೂ ಇತ್ತು. ಟುನೀಷಿಯದ ಕಡೆಯಿಂದ ಬಂದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ. ಕಾಳುಮೆಣಸು, ಅಡಕೆಗಳನ್ನು ಏಡನ್‌ಗೆ ಕಳುಹಿಸುತ್ತಿದ್ದ; ಕಂಚಿನ ಪಾತ್ರೆಗಳನ್ನು ಎರಕ ಹೊಯ್ಯಿಸುತ್ತಿದ್ದ. ಬರೆಯುವ ಕಾಗದ ಮಾತ್ರ ಏಡನ್‌ನಿಂದಲೇ ಬರಬೇಕಿತ್ತು. ಅವನ ಸೇವಕನ ಹೆಸರನ್ನು ವಿದ್ವಾಂಸರು ‘ಬಾಮಾ’ ಎಂದು ಓದಿದ್ದರು. ಅದು ‘ಬೊಮ್ಮ’ ಇರಬೇಕೆಂದು ಲೇಖಕ ಅಮಿತಾವ್ ಘೋಷ್ ಅವರಿಗೆ ಸೂಚಿಸಿದವರು ನಮ್ಮ ಬಿ. ಎ. ವಿವೇಕ ರೈ. ಕನ್ನಡ ಬಲ್ಲವರ ಕಿವಿ ಬೇಕಾದದ್ದು ಇಂಥಲ್ಲಿ.

1132ರ ಅಕ್ಟೋಬರ್ 17ರಂದು ಬೆನ್ ಯಿಜು ಮಂಗಳೂರಿನಲ್ಲಿ ಅಶು ಎಂಬ ದಾಸಿಗೆ ವಿಮೋಚನಾಪತ್ರ ಬರೆದುಕೊಟ್ಟ. ಅವನ ಮಕ್ಕಳ ತಾಯಿ ಆಕೆಯೇ ಎಂಬುದು ವಿದ್ವಾಂಸರ ಅಭಿಪ್ರಾಯ. ಈ ಪತ್ರ ಕೇವಲ ಔದಾರ್ಯದ ಗುರುತಲ್ಲ. ಯೆಹೂದಿ ಶಾಸ್ತ್ರದಲ್ಲಿ ದಾಸಿಯ ಮಗು ತಾಯಿಯ ಸ್ಥಾನವನ್ನೇ ಪಡೆಯುತ್ತದೆ. ತಂದೆ ಎಷ್ಟೇ ದೊಡ್ಡವನಾದರೂ ಅದು ದಾಸನೇ. ಶಾಸ್ತ್ರೋಕ್ತವಾಗಿ ಬಿಡುಗಡೆ ಪಡೆದ ಸ್ತ್ರೀಯಾದರೋ ಯೆಹೂದಿ ಸಮುದಾಯಕ್ಕೆ ಸೇರಿದವಳಾಗುತ್ತಾಳೆ. ಅನಂತರ ಹುಟ್ಟಿದ ಮಕ್ಕಳೂ ಹಾಗೆಯೇ. ತಾಯಿಯ ಕಡೆಯಿಂದ ಮನೆತನ ಎಣಿಸುವ ಅಳಿಯಕಟ್ಟಿನ ಈ ನಾಡಿನಲ್ಲಿ ಆ ಲೆಕ್ಕವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದು ಹಾಳೆಯ ಮೇಲೆ ಮುಂದೆ ಹುಟ್ಟುವ ಮಕ್ಕಳ ಕುಲ, ವಿವಾಹ, ಮರ್ಯಾದೆ ಎಲ್ಲವೂ ನಿಂತಿದ್ದವು.

1149ರಲ್ಲಿ ಬೆನ್ ಯಿಜು ಏಡನ್‌ಗೆ ಮರಳಿದ. ಅಲ್ಲಿಂದ ಸೋದರನಿಗೆ ಬರೆದ ಪತ್ರದಲ್ಲಿ ಮಗನ ಮಾತಿದೆ, ಮಗಳ ಮದುವೆಯ ಚಿಂತೆಯಿದೆ. ಅಶುವಿನ ಹೆಸರಿಲ್ಲ.