ನೆರಳಿಗೂ ಒಂದು ವಂದನೆ

ಉಪಕಾರಗಳಲ್ಲಿ ಎರಡು ಬಗೆ. ಕೈಯಾರೆ ಕೊಟ್ಟದ್ದು ಒಂದು; ಕೊಟ್ಟವರ ಅರಿವಿಗೇ ಬಾರದೆ ಪಡೆದವರಿಗೆ ದಕ್ಕಿದ್ದು ಇನ್ನೊಂದು. ಸ್ಫೂರ್ತಿಯು ಎರಡನೆಯ ಬಗೆಗೆ ಸೇರಿದುದು. ಸಾಲಕ್ಕೆ ಪತ್ರವುಂಟು, ಸಾಕ್ಷಿಯುಂಟು. ಸ್ಫೂರ್ತಿಗೆ ಅವೆರಡೂ ಇಲ್ಲ. ಪಡೆದವರು ಬಾಯಿಬಿಟ್ಟು ಹೇಳದಿದ್ದರೆ ಕೊಟ್ಟವರಿಗೆ ಅದು ತಿಳಿಯುವುದೇ ಇಲ್ಲ. ಇಂತಹ ಋಣವನ್ನು ಒಪ್ಪಿಕೊಳ್ಳಲು ಜಪಾನೀಯರ ದಿನಬಳಕೆಯಲ್ಲಿ ಸಿದ್ಧ ನುಡಿಗಳೇ ಇವೆ.

‘ಅರಿಗತೋ’ ಎಂಬುದು ಅನೇಕರು ಬಲ್ಲ ಪದ. ‘ಇರುವುದೇ ದುರ್ಲಭ’ ಎಂಬ ಅರ್ಥದ ಹಳೆಯ ಪದದಿಂದ ಅದು ಹುಟ್ಟಿದೆ. ಆದರೆ ಒಬ್ಬರ ಮಾತಿನಿಂದ ಹೊಸ ತಿಳಿವು ಮೂಡಿದಾಗ ಅಲ್ಲಿಯವರು ‘ಬೆನ್‌ಕ್ಯೋ ನಿ ನರಿಮಷಿತ’ ಎಂದೂ ಹೇಳುವರು. ‘ಇದರಿಂದ ಪಾಠ ಕಲಿತಂತಾಯಿತು’ ಎಂದರ್ಥ. ಒಳ್ಳೆಯ ಮಾತೊಂದು ಹುರುಪು ತಂದಾಗ ‘ಹಗೆಮಿ ನಿ ನರಿಮಸು’, ಅಂದರೆ ‘ಇದು ನನಗೆ ಉತ್ತೇಜನ’. ಎರಡರಲ್ಲೂ ಇರುವುದು ಬರಿಯ ಹೊಗಳಿಕೆಯಲ್ಲ. ಪಡೆದುದರಿಂದ ತನಗೆ ಆದುದೇನು ಎಂಬ ನಿವೇದನೆ.

ಕುಶಲ ವಿಚಾರಿಸಿದಾಗ, ಪರೀಕ್ಷೆಯಲ್ಲಿ ತೇರ್ಗಡೆಯಾದಾಗ ಬರುವ ಮಾತು ‘ಒಕಗೆಸಮ ದೆ’. ‘ಕಗೆ’ ಎಂದರೆ ನೆರಳು. ಅದರ ಮುಂದಿನ ‘ಒ’ ಮತ್ತು ಹಿಂದಿನ ‘ಸಮ’ ಗೌರವಸೂಚಕಗಳು. ‘ತಮ್ಮ ನೆರಳಿನಿಂದ’ ಎಂದು ಭಾವ. ಎದುರಿಗಿರುವವರು ನೇರವಾಗಿ ಏನನ್ನಾದರೂ ಮಾಡಿರಬೇಕೆಂದಿಲ್ಲ. ಕನ್ನಡದ ಮನೆಗಳಲ್ಲಿ ಹಿರಿಯರು ‘ನಿಮ್ಮ ಆಶೀರ್ವಾದದಿಂದ ಚೆನ್ನಾಗಿದ್ದೇವೆ’ ಎನ್ನುವುದು ಇದರ ಒಡಹುಟ್ಟು.

‘ಸುಮಿಮಸೆನ್’ ಎಂಬ ನುಡಿ ಕ್ಷಮೆಗೂ ಸಲ್ಲುತ್ತದೆ, ಕೃತಜ್ಞತೆಗೂ ಸಲ್ಲುತ್ತದೆ. ‘ಇದು ಇಲ್ಲಿಗೆ ತೀರಲಿಲ್ಲ’ ಎಂಬುದು ಅದರ ಮೂಲಾರ್ಥ. ಹಣದ ಸಾಲವು ಪಾವತಿಯೊಡನೆ ತೀರುವುದು. ಈ ಋಣ ತೀರದೆಂದು ಒಪ್ಪಿಕೊಳ್ಳುವುದೇ ಇದರ ಪಾವತಿ. 1884ರಲ್ಲಿ ಪ್ರಕಟವಾದ ‘ಅಓಗೆಬ ತೋತೋಷಿ’ ಎಂಬ ಗೀತೆಯೂ ಗುರುವಿನ ಋಣವನ್ನೇ ನೆನೆಯುವಂಥದು. ಜಪಾನಿನ ಶಾಲೆಗಳ ಬೀಳ್ಕೊಡುಗೆಯಲ್ಲಿ ಮಕ್ಕಳು ಅದನ್ನು ತಲೆಮಾರುಗಳಿಂದ ಹಾಡುತ್ತ ಬಂದಿದ್ದಾರೆ.

ಕೃತಜ್ಞನೆಂದರೆ ಮಾಡಿದ ಉಪಕಾರವನ್ನು ಬಲ್ಲವನು. ಬಲ್ಲರಷ್ಟೇ ಸಾಲದು, ಹೇಳಲೂ ಬೇಕು. ಗಡಿಯಾಚೆಯ ಕನ್ನಡ ಶಾಲೆಯಿಂದ ಮುಂದಿನ ಓದಿಗೆ ಹೊರಟ ಮಗು ‘ವಂದನೆಗಳು’ ಎಂಬಲ್ಲಿಗೆ ಮಾತು ಮುಗಿಸದಿರಲಿ. ‘ಗುರುಗಳೇ, ತಾವು ಅಂದು ಓದಿ ಹೇಳಿದ ಪದ್ಯದಿಂದ ನನಗೆ ಓದಿನ ರುಚಿ ಹತ್ತಿತು’ ಎಂದು ಹೇಳಲಿ. ಬಿತ್ತಿದ್ದು ಎಲ್ಲಿ ಮೊಳೆಯಿತೆಂಬುದು ಆ ಗುರುಗಳಿಗೆ ತಿಳಿಯುವುದು ಹಾಗೆಯೇ. ಮಗುವಿಗೆ ಆ ಮಾತನ್ನು ಕಲಿಸಬೇಕಾದವರು ಮನೆಯವರು.